ಐನೂರು ರೂಪಾಯಿ ಸ್ಟುಡಿಯೊ ಗುರುಗಳಿಗೊಂದು ಬಹಿರಂಗ ಪತ್ರ

ಪೂಜ್ಯ ಗುರುಗಳೇ,

ನಾವಿಲ್ಲಿ ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ನನಗೆ ಅನುಮಾನವೇ ಇಲ್ಲ. ಎರಡು ಲಕ್ಷದ ಕ್ಯಾಮೆರಾ ಹಿಡಿದುಕೊಂಡು, ‘ಮನೇಲಿ ಬಿದ್ದಿರೋ ಸಾಮಾನಲ್ಲೇ ಸ್ಟುಡಿಯೊ ಮಾಡ್ಕೊಳ್ಳಿ, ಐನೂರು ರೂಪಾಯಿ ಸಾಕು’ ಎಂದು ಮೊಬೈಲಿನೊಳಗಿಂದ ಅಪ್ಪಣೆ ಕೊಡಿಸುವವರಿಗೆ ಏನು ಕಡಿಮೆ?

ನಾನು ಮಿಡಿ ಉಪ್ಪಿನಕಾಯಿ ಹಾಕಿ ಮಾರುವವಳು. ರುಚಿ ನೋಡಿದವರು ಬಿಡುವುದಿಲ್ಲ. ಫೋಟೊ ನೋಡಿದವರು ಕೊಳ್ಳುವುದಿಲ್ಲ. ಹಾಗಾಗಿ ನಿಮ್ಮನ್ನು ನಂಬಿದೆ. ಡ್ರಾಯಿಂಗ್ ಶೀಟು, ಥರ್ಮೊಕೋಲು, ಬಟ್ಟೆ ಕ್ಲಿಪ್ಪು ಎಲ್ಲ ಸೇರಿ 180 ರೂಪಾಯಿ. ಇಲ್ಲಿಯವರೆಗೆ ಗೆಲುವು ನಿಮ್ಮದೇ.

ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ, ದಿನವಿಡೀ ಮೆದು ಬೆಳಕು ಎಂದಿರಿ. ಅದು ಪ್ಯಾರಿಸ್ಸಿನ ಚಿತ್ರಕಾರರಿಗೆ ಒಗ್ಗಿದ ಪಾಠ ಗುರುಗಳೇ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ನಮ್ಮ ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನೆತ್ತಿ ದಾಟಿ ಉತ್ತರಕ್ಕೆ ಹೋದವನು ಮರಳುವುದು ಆಗಸ್ಟ್ 18ರ ಹೊತ್ತಿಗೆ. ನನ್ನ ಮಿಡಿ ಕಳಿತು ಮಾರಾಟಕ್ಕೆ ಬರುವುದೂ ಆಗಲೇ. ಬೆಳಿಗ್ಗೆ ಎಂಟಕ್ಕೆ ಬಿಸಿಲು ಓರೆಯಾಗಿ ನುಗ್ಗಿ ನಿಮ್ಮ ಮೆದು ಬೆಳಕನ್ನು ಸೀಳಿ ಹಾಕಿತು.

ಬಿಳಿ ಬಟ್ಟೆ ಅಡ್ಡ ಕಟ್ಟಿ ಎಂದಿರಿ. ಮನೆಯಲ್ಲಿದ್ದ ಬಿಳಿ ಬಟ್ಟೆ ಎಂದರೆ ಮಾವನವರ ಪಂಚೆ. ಕಟ್ಟಿದ ಮೇಲೆ ಬೆಳಕು ಹಾಲಿನಂತೆ ಇಳಿಯಿತು, ಭರಣಿಯ ಪಕ್ಕದ ಚೂಪು ನೆರಳು ಕರಗಿತು, ಒಪ್ಪಿಕೊಳ್ಳುತ್ತೇನೆ. ಆದರೆ ಬಲ್ಬಿನ ಹಳದಿ ಸೇರಿದರೆ ಉಪ್ಪಿನಕಾಯಿಗೆ ಕಾಮಾಲೆ, ಅದಕ್ಕೆ ದೀಪ ಆರಿಸಬೇಕು. ಫ್ಯಾನಿಗೆ ಶೀಟು ಹಾರುತ್ತದೆ, ಫ್ಯಾನೂ ಬಂದ್. ಮೇ ತಿಂಗಳ ಸೆಕೆಯಲ್ಲಿ ಮಾವನವರು ಟವೆಲ್ ಸುತ್ತಿಕೊಂಡು, ಕತ್ತಲಲ್ಲಿ ಪೇಪರ್ ಹಿಡಿದು ಕೂತಿದ್ದರು. ಪಂಚೆಯ ಬಗ್ಗೆ ಅವರು ಏನೂ ಕೇಳಲಿಲ್ಲ. ಅದೇ ನನಗೆ ಭಯ.

ಇನ್ನು ಭರಣಿ. ಮೇಲೆ ಕಂದು, ಕೆಳಗೆ ಕೆನೆ ಬಣ್ಣ, ಕನ್ನಡಿಯಂಥ ಹೊಳಪು. ಫೋಟೊ ಹಿಗ್ಗಿಸಿ ನೋಡಿದರೆ ಅದರ ಹೊಟ್ಟೆಯ ಮೇಲೆ ಕಿಟಕಿ, ಮೊಬೈಲು ಹಿಡಿದ ನಾನು, ನನ್ನ ನೈಟಿಯ ಅಷ್ಟೂ ಹೂವು, ಹಿಂದೆ ಟವೆಲ್ಲಿನ ಮಾವನವರು! ಸಂಸಾರ ಸಮೇತ ಉಪ್ಪಿನಕಾಯಿ. ಕಪ್ಪು ಚಾರ್ಟಿಗೆ ಲೆನ್ಸಿನಷ್ಟೇ ತೂತು ಮಾಡಿ ಅದರ ಹಿಂದೆ ಅವಿತು ತೆಗೆಯಬೇಕಂತೆ. ಇದನ್ನು ಹೇಳಿದ್ದು ನೀವಲ್ಲ, ಏಳನೇ ಕ್ಲಾಸಿನ ನನ್ನ ಮಗ. ಬಿಳಿ ಶೀಟು ಬೂದಿ ಬಣ್ಣಕ್ಕೆ ತಿರುಗಿದಾಗ ಪರದೆ ಮೇಲಿನ ಸೂರ್ಯನ ಗುರುತನ್ನು ಮೇಲಕ್ಕೆ ಎಳೆದು ಸರಿಮಾಡಿದವನೂ ಅವನೇ. ಅವನು ಫೀಸು ಕೇಳಿಲ್ಲ, ಸಬ್‌ಸ್ಕ್ರೈಬ್ ಮಾಡಿ ಅಂತಲೂ ಅಂದಿಲ್ಲ.

ಫೋಟೊ ನೋಡಿ ಹನ್ನೊಂದು ಜನ ವಿಚಾರಿಸಿದರು. ಅವರಲ್ಲಿ ಮೂವರು ಕೇಳಿದ್ದು ಭರಣಿಯ ರೇಟು.

ಕಟ್ಟಿ ಬಿಚ್ಚುವ ಗಡಿಬಿಡಿಯಲ್ಲಿ ಪಂಚೆಗೆ ಉಪ್ಪಿನಕಾಯಿಯ ರಸ ಹತ್ತಿದೆ, ಎರಡು ಒಗೆತಕ್ಕೂ ಹೋಗಿಲ್ಲ. ಹೊಸ ಜೋಡಿ ತರಬೇಕು. ಅದನ್ನು ನಿಮ್ಮ ಐನೂರರ ಲೆಕ್ಕದಲ್ಲಿ ಯಾವ ಸಾಲಿಗೆ ಬರೆಯಲಿ, ದಯವಿಟ್ಟು ತಿಳಿಸಿ.

ಇತಿ ನಿಮ್ಮ ಶಿಷ್ಯೆ,
ಉಪ್ಪಿನಕಾಯಿಯವಳು