ಯಾವ ತಿಮ್ಮಪ್ಪ?

ಪಾಲುಪಟ್ಟಿಗೆ ವಂಶವೃಕ್ಷ ಬೇಕೆಂದು ನಾಡಕಚೇರಿಯಲ್ಲಿ ಹೇಳಿದ್ದೇ ತಡ, ಕೋಣಂದೂರಿನ ನಮ್ಮ ಮನೆಯಲ್ಲಿ ಸತ್ತವರಿಗೆ ಎಲ್ಲಿಲ್ಲದ ಬೆಲೆ ಬಂತು. ವರ್ಷಕ್ಕೊಮ್ಮೆ ಎಡೆ ಇಟ್ಟರೆ ಸುಮ್ಮನಿರುತ್ತಿದ್ದ ಹಿರಿಯರು ಈಗ ತಂದೆಯ ಹೆಸರು, ತೀರಿಕೊಂಡ ಇಸವಿ ಸಮೇತ ಹಾಜರಾಗಬೇಕಿತ್ತು.

ಹಳೇ ಕಾಗದ ಬಿಚ್ಚಿದರೆ ತಿಮ್ಮಪ್ಪ ಬಿನ್ ಮಂಜಪ್ಪ. ಅದರಡಿ ಮಂಜಪ್ಪ ಬಿನ್ ತಿಮ್ಮಪ್ಪ. ಹಿರೀ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯ ಕೃಪೆಯಿಂದ ತಿರುಪತಿಯೂ ಧರ್ಮಸ್ಥಳವೂ ನಮ್ಮ ಮನೆಯನ್ನು ಪಾಳಿಯ ಮೇಲೆ ನಡೆಸಿವೆ. ಅಣ್ಣತಮ್ಮಂದಿರು ಬೇರೆಯಾದರೋ, ಮನೆಗೊಬ್ಬ ತಿಮ್ಮಪ್ಪ. ಯಾವ ತಿಮ್ಮಪ್ಪ ಎಂಬ ಗೊಂದಲವಾದರೆ ಅವನ ತಮ್ಮನ ಹೆಸರು ನೋಡಬೇಕು. ಎರಡನೆಯವನಿಗೆ ತಾಯಿಯ ಅಪ್ಪನ ಹೆಸರಿಡುವುದು ಎಷ್ಟೋ ಮನೆಗಳ ರೂಢಿ. ಅಲ್ಲಿಗೆ ತವರಿನ ದಾರಿ ಸಿಕ್ಕಿತು.

ಈ ಲೆಕ್ಕ ಕೆಡಿಸುವವರು ಸೊಸೆಯರು. ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ, ಮಗನಿಗೆ ಅದೇ ಹೆಸರು! "ಏ ತಿಮ್ಮಪ್ಪ, ಬಚ್ಚಲಿಗೆ ಹೋಗಾ" ಅಂದರೆ ಜಗಲಿಯಲ್ಲಿ ಕೂತ ಮಾವನೇ ಎದ್ದಾನು. ಹಾಗಾಗಿ ಪುಟ್ಟ ಅಂದಳು, ಶಾಲೆಯ ಮೇಷ್ಟರು ಪುಟ್ಟಪ್ಪ ಎಂದು ಬರೆದರು. ಇದೇ ತಾಲ್ಲೂಕಿನ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಹೆಸರಿನಲ್ಲಾದರೆ ಊರು, ಅಪ್ಪ, ತಾನು ಮೂರೂ ಇವೆ. ಗುಮಾಸ್ತನಿಗೆ ಇನ್ನೇನು ಬೇಕು? ಆದರೆ ಕುವೆಂಪು ಮಗನನ್ನು ಇನ್ನೊಬ್ಬ ವೆಂಕಟಪ್ಪನನ್ನಾಗಿ ಮಾಡದೆ ಪೂರ್ಣಚಂದ್ರ ತೇಜಸ್ವಿ ಎಂದು ಕರೆದರು. ವಂಶ ಹುಡುಕುವವರಿಗೆ ದೊಡ್ಡ ಉಪಕಾರ. ಊರಲ್ಲಿ ಆ ಹೆಸರಿಗೆ ಎರಡನೆಯವನಿರಲಿಕ್ಕಿಲ್ಲ.

ನಮ್ಮನ್ನು ಸತಾಯಿಸಿದವನು ತಿಪ್ಪಜ್ಜ. ತಿಮ್ಮಪ್ಪ-ಮಂಜಪ್ಪರ ಸಾಲಿನಲ್ಲಿ ಇವನೆಲ್ಲಿಂದ ನುಸುಳಿದ? ದತ್ತು ಅಂದೆವು, ಮನೆಅಳಿಯ ಅಂದೆವು. ಬಯಲುಸೀಮೆಯಾಗಿದ್ದರೆ ಎತ್ತಿನ ಮೇಲೆ ಬರುವ ಹೆಳವರು ಕಾಳು ಇಸಿದುಕೊಂಡು ವಂಶಾವಳಿ ಹೇಳುತ್ತಿದ್ದರು. ನಮಗೆ ಇದ್ದವರು ದೊಡ್ಡಮ್ಮ. ಅಡಿಕೆ ಸುಲಿಯುತ್ತಲೇ, "ಹುಟ್ಟಿದ್ದೆಲ್ಲ ಹೋಗ್ತಿತ್ತಂತೆ ಮಾರಾಯ. ಇವನನ್ನ ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡು ಬಂದ್ರಂತೆ, ಯಮನಿಗೆ ಗೊತ್ತಾಗ್ಬಾರ್ದು ಅಂತ" ಎಂದರು.

ಅಂದರೆ ಅವನಿಗಿಂತ ಮೊದಲು ಒಬ್ಬ ಮಂಜಪ್ಪನಾದರೂ ಬಂದು ಹೋಗಿರಬೇಕು. ಗುಂಡಪ್ಪ, ಕಲ್ಲಪ್ಪಂದಿರ ಹಿಂದೆಯೂ ಹಲವು ಕಡೆ ಇದೇ ಕಥೆ. ಜನನ-ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಆ ಕೂಸುಗಳಿಗೆ ಇರುವ ದಾಖಲೆ ತಿಪ್ಪಜ್ಜನ ಹೆಸರೊಂದೇ.

ಈ ಸಲ ತಿಮ್ಮಪ್ಪನ ಸರದಿ ಬಂದದ್ದು ಬೆಂಗಳೂರಿನ ತಮ್ಮನ ಮಗನಿಗೆ. "ಯುನಿಕ್ ಆಗಿರ್ಲಿ" ಅಂತ ವಿಹಾನ್ ಎಂದಿಟ್ಟಿದ್ದಾನೆ. ಅವರ ಅಪಾರ್ಟ್‌ಮೆಂಟಿನಲ್ಲಿ ಈಗ ನಾಲ್ವರು ವಿಹಾನರು.