ಮುಕ್ಕಾಲಿಂಚಿನ ಮೇಸ್ತ್ರಿ

ಮೇಸ್ತ್ರಿ ಮೊದಲು ಮಾತಾಡುವುದು ಕಿರುಬೆರಳಿನಲ್ಲಿ. ಹ್ಯಾಕ್ಸಾದಿಂದ ಕುಯ್ದ ಪೈಪಿನ ಬಾಯಿಗೆ ಅದನ್ನು ತೂರಿಸಿ ಒಂದು ಸುತ್ತು ಆಡಿಸುತ್ತಾರೆ. ಬೆರಳಿಗೆ ಒಂಚೂರು ತರಚಿದರೂ ಸಾಕು, "ನನ್ನ ಚರ್ಮ ಕೀಳೋದು ವೈರಿನ ಚರ್ಮ ಬಿಡುತ್ತೇನಯ್ಯಾ?" ಎಂದು ರೀಮರ್ ಕೇಳುತ್ತಾರೆ. ಹೆಲ್ಪರ್ ಹುಡುಗ ಗೋಣಿಚೀಲ ಬುಡಮೇಲು ಮಾಡಿ ಅದನ್ನು ಹುಡುಕಿ ಕೊಡುವಷ್ಟರಲ್ಲಿ ನಮಗೆಲ್ಲ ಒಂದು ರೌಂಡ್ ಟೀ ಆಗಿರುತ್ತದೆ.

ವಯಸ್ಸು ಎಪ್ಪತ್ತರ ಆಸುಪಾಸು. ಜೇಬಿನಲ್ಲಿ ಟೆಸ್ಟರ್, ಕಿವಿಯ ಮೇಲೆ ಪೆನ್ಸಿಲ್, ಪರ್ಸಿನಲ್ಲಿ ವೆಂಕಟರಮಣನ ಪಟದ ಬೆನ್ನಿಗೆ ಮಡಚಿಟ್ಟ ವೈರ್‌ಮನ್ ಪರ್ಮಿಟ್. ಎಸ್.ಪಿ. ರೋಡಿನ ಅಂಗಡಿಗಳಲ್ಲೆಲ್ಲ 20 ಎಂಎಂ ಎಂದು ಬೋರ್ಡ್ ಬರೆದು ಎಷ್ಟು ಕಾಲವಾಯಿತೋ, ಇವರು ಮಾತ್ರ ಇವತ್ತಿಗೂ "ಮುಕ್ಕಾಲಿಂಚು ಕೊಡಪ್ಪಾ" ಎಂದೇ ಕೇಳುವುದು. ಮೆಟ್ರಿಕ್ ಪದ್ಧತಿ ಸ್ವಲ್ಪ ದಿನ ಇದ್ದು ಹೋಗುವ ಜ್ವರ ಎಂಬುದು ಅವರ ನಂಬಿಕೆ.

ಅವರು ಥ್ರೆಡ್ ಹೊಡೆಯುವುದನ್ನು ನೋಡಬೇಕು. ಪೈಪನ್ನು ವೈಸಿಗೆ ಕಚ್ಚಿಸಿ, ಡೈ ಕೂರಿಸಿ, ನನ್ನ ತಂಗಿಯ ಅಡುಗೆಮನೆಯಿಂದ ತರಿಸಿಕೊಂಡ ಕೊಬ್ಬರಿ ಎಣ್ಣೆಯನ್ನು ಎರಡು ತೊಟ್ಟು ಬಿಡುತ್ತಾರೆ. ಮುಂದಕ್ಕೆ ಅರ್ಧ ಸುತ್ತು, ಹಿಂದಕ್ಕೆ ಕಾಲು ಸುತ್ತು. ಹಾಗೆ ಹಿಂದಕ್ಕೆ ಬಂದಾಗ ಕಬ್ಬಿಣದ ಸುರುಳಿ ಪಟ್ಟನೆ ಮುರಿದು ಕೆಳಗಿನ ಪೇಪರಿನ ಮೇಲೆ ಉದುರುತ್ತದೆ. ಪುನಃ ಎಣ್ಣೆ, ಪುನಃ ಅರ್ಧ ಸುತ್ತು. ಕೊನೆಗೆ ಬನಿಯನ್ನಿನ ಅಂಚಿನಿಂದ ಒರೆಸಿ ಕಪ್ಲರ್ ಹಚ್ಚಿದರೆ ಎರಡೇ ಬೆರಳಿಗೆ ನುಣ್ಣಗೆ ಹತ್ತಿಕೊಂಡು ಹೋಗುತ್ತದೆ. ಆಗ ಅವರು ನಮ್ಮ ಮುಖ ನೋಡುತ್ತಾರೆ. ನಾವು "ಆಹಾ" ಅನ್ನಬೇಕು. ಅನ್ನದಿದ್ದರೆ ಬಿಚ್ಚಿ ಇನ್ನೊಂದು ಸಲ ಹಾಕಿ ತೋರಿಸುತ್ತಾರೆ.

ಎರಡೂ ಕಡೆಯ ಪೈಪು ಗೋಡೆಗೆ ಕಚ್ಚಿಕೊಂಡಿದ್ದು ಯಾವುದನ್ನೂ ತಿರುಗಿಸುವ ಹಾಗಿಲ್ಲ ಎಂಬ ಇಕ್ಕಟ್ಟು ಬಂದರಂತೂ ಅವರಿಗೆ ಹಬ್ಬ. ಒಂದು ಪೈಪಿಗೆ ಉದ್ದನೆಯ ಥ್ರೆಡ್ ಹೊಡೆದು, ಚೆಕ್‌ನಟ್ಟನ್ನೂ ಕಪ್ಲರನ್ನೂ ಪೂರ್ತಿ ಅದರ ಮೇಲೆ ಹಿಂದಕ್ಕೆ ಓಡಿಸಿ, ಎರಡು ಬಾಯಿಗಳನ್ನು ಎದುರುಬದುರು ತಂದು, ಕಪ್ಲರನ್ನು ಆ ಕಡೆಗೆ ಮುಂದಕ್ಕೆ ತಿರುಗಿಸಿ, ನಟ್ಟು ಬಿಗಿದು ಬೀಗ ಹಾಕುತ್ತಾರೆ. ಇದಕ್ಕೆ ರನ್ನಿಂಗ್ ಜಾಯಿಂಟು ಎಂದು ಹೆಸರು. ಮೇಸ್ತ್ರಿಯ ಕೆಲಸದಲ್ಲಿ ಓಡುವುದು ಅದೊಂದೇ.

ನನ್ನ ಭಾವನ ಪೀಣ್ಯದ ಶೆಡ್ಡಿಗೆ 1987ರಲ್ಲಿ ಪೈಪ್ ಎಳೆದವರು ಇವರೇ. "ಒಂದೊಂದು ಜಾಯಿಂಟೂ ಈ ಕೈಯಲ್ಲೇ ಆಗಿದ್ದು" ಎಂದು ಕಳೆದ ವರ್ಷ ಶೆಡ್ಡಿನ ಪಕ್ಕಕ್ಕೆ ಹೊಸ ಕಟ್ಟಡ ಎದ್ದಾಗ ನಮಗೆಲ್ಲ ನಾಲ್ಕಾರು ಸಲ ಹೇಳಿದ್ದರು. ಹೊಸದಕ್ಕೆ ಮಾತ್ರ ಕನ್ಸಲ್ಟೆಂಟ್ ಥ್ರೆಡ್‌ಲೆಸ್ ಪೈಪ್ ಬರೆದುಬಿಟ್ಟಿದ್ದ. ಅದನ್ನು ಹಾಕಲು ಬಂದವನು ಡಿಪ್ಲೊಮಾ ಮಾಡಿದ ಹುಡುಗ. ಕುಯ್ದ, ತುದಿ ಉಜ್ಜಿದ, ಕಪ್ಲರಿಗೆ ತೂರಿಸಿದ, ಪಕ್ಕದ ಸ್ಕ್ರೂ ಬಿಗಿದ, ಮುಂದಿನದಕ್ಕೆ ಹೋದ. ಮೇಸ್ತ್ರಿಯ ಒಂದು ತುದಿಗೆ ಥ್ರೆಡ್ ಬೀಳುವಷ್ಟರಲ್ಲಿ ಅವನು ನಾಲ್ಕು ಜಾಯಿಂಟು ಮುಗಿಸಿ, ಫೋನಿನಲ್ಲಿ ಕ್ರಿಕೆಟ್ ಸ್ಕೋರನ್ನೂ ನೋಡಿದ್ದ.

"ಇದೇನಯ್ಯಾ, ಪೆನ್ನಿಗೆ ಕ್ಯಾಪ್ ಹಾಕ್ದಂಗೆ?" ಎಂದರು ಮೇಸ್ತ್ರಿ.

ಹುಡುಗನಿಗೆ ಕೋಪ ಬರಲಿಲ್ಲ, ಲೆಕ್ಕ ಬಂತು. "ಮೇಸ್ತ್ರಿ, ನಿಮ್ಮ ಪೈಪಿನ ದಪ್ಪ 1.6 ಎಂಎಂ. ಒಂದೂವರೆ ಎಂಎಂ ಪಿಚ್ಚಿನ ಥ್ರೆಡ್ ಹೊಡೆದ್ರೆ ಸುಮಾರು 0.92 ಆಳಕ್ಕೆ ಹೋಗುತ್ತೆ. ಉಳಿಯೋದು 0.68. ಮೇಲಿನ ಗ್ಯಾಲ್ವನೈಸಿಂಗೂ ಹೋಯ್ತು, ತುಕ್ಕಿಗೆ ಬಾಗಿಲು ತೆಗೆದಂಗೆ. ನಮ್ಮ ಅರ್ಧ ಇಂಚಿನ ಅಮೆರಿಕನ್ ಇಎಂಟಿ ಪೈಪಿನ ದಪ್ಪ 1.07 ಅಷ್ಟೆ, ಆದ್ರೆ ನಾವು ಅದನ್ನ ಕೆರೆಯೋದೇ ಇಲ್ಲ."

ಮೇಸ್ತ್ರಿ ಎಲೆಅಡಿಕೆ ಉಗಿದು ಬರಲು ಹೊರಗೆ ಹೋದರು. ಸಂಜೆ ಎಲ್ಲರೂ ಹೋದಮೇಲೆ ಅವರು ಕನ್ನಡಕ ಹಣೆಗೇರಿಸಿ, ತಮ್ಮ ಪೈಪಿನ ಬಾಯನ್ನು ಬಲ್ಬಿಗೆ ಹಿಡಿದು, ವರ್ನಿಯರ್‌ನಲ್ಲಿ ಅಳೆಯುತ್ತಿದ್ದುದನ್ನು ನಾನು ಕಂಡೆ. ನನ್ನನ್ನು ಕಂಡದ್ದೇ ವರ್ನಿಯರ್ ಜೇಬಿಗೆ ಹೋಯಿತು.

ಮರುದಿನ ಪೇಂಟ್ ರೂಮಿನಲ್ಲಿ ಸೇಡು ತೀರಿತು. ಥಿನ್ನರ್ ಆವಿ ತುಂಬುವ ಜಾಗ. ಅಲ್ಲಿ ಫ್ಲೇಮ್‌ಪ್ರೂಫ್ ಬಾಕ್ಸೇ ಆಗಬೇಕು, ಅದರ ಬಾಯಿಗೆ ಕನಿಷ್ಠ ಐದು ಪೂರ್ತಿ ಥ್ರೆಡ್ ಕಚ್ಚಲೇಬೇಕು. ಒಳಗೆ ಕಿಡಿ ಹಾರಿ ಆವಿ ಹೊತ್ತಿಕೊಂಡರೂ ಆ ಸುತ್ತುಗಳ ಸಂದಿಯಲ್ಲಿ ನುಸುಳುವಷ್ಟರಲ್ಲಿ ಬೆಂಕಿ ತಣ್ಣಗಾಗಬೇಕು. ಸ್ಕ್ರೂ ಬಿಗಿದ ಪೈಪಿಗೆ ಅಲ್ಲಿ ಪ್ರವೇಶವಿಲ್ಲ. ಹುಡುಗ ತಾನಾಗಿಯೇ ಬಂದು ಡೈ ಕೇಳಿದ. ಮೇಸ್ತ್ರಿ ಕೊಡಲಿಲ್ಲ. ಗುಡಿಯಲ್ಲಿ ಮಂಗಳಾರತಿ ತಟ್ಟೆ ಹಿಡಿದವರಂತೆ ತಾವೇ ಹಿಡಿದು ಹೋದರು. ಪೈಪ್ ತಿರುಗಿಸುತ್ತ "ಒಂದು... ಎರಡು..." ಎಂದು ಶೆಡ್ಡಿಗೆಲ್ಲ ಕೇಳುವಂತೆ ಎಣಿಸಿದರು. ಐದಾದ ಮೇಲೂ ನಿಲ್ಲಿಸಲಿಲ್ಲ, ಏಳಕ್ಕೆ ಹೋದರು.

ಕೊನೆಗೆ ಕಂಟಿನ್ಯುಟಿ ಪರೀಕ್ಷೆ. ಪೈಪಿನ ಈ ತುದಿಯಿಂದ ಆ ತುದಿಗೆ ಅರ್ಥ್ ಸಿಗಬೇಕು. "ಅರ್ಥ್ ಇಲ್ದಿದ್ರೆ ವೈರಿಂಗಿಗೆ ಅರ್ಥ ಇಲ್ಲ" ಎಂಬುದು ಮೇಸ್ತ್ರಿ ಮೂವತ್ತು ವರ್ಷಗಳಿಂದ ಹೇಳುತ್ತಿರುವ ಜೋಕು. ಮೊದಲ ಸಲ ಯಾರು ನಕ್ಕರೋ, ಅವರದೇ ತಪ್ಪು. ಹುಡುಗನ ಹೊಸ ಲೈನಿನಲ್ಲಿ ಒಂದು ಕಡೆ ಮೀಟರ್ ಬೀಪ್ ಅನ್ನಲಿಲ್ಲ. ಹುಡುಕಿದರೆ, ಒಂದು ಸ್ಕ್ರೂ ಬಿಗಿದೇ ಇರಲಿಲ್ಲ. ಆಗ ಮೇಸ್ತ್ರಿಯ ಮುಖ ನೋಡಬೇಕಿತ್ತು, ಮೊಮ್ಮಗ ಹುಟ್ಟಿದ ದಿನವೂ ಅಷ್ಟು ಅರಳಿರಲಿಕ್ಕಿಲ್ಲ. "ನಮ್ಮದರಲ್ಲಿ ಬಿಗಿಯೋದು ಮರೆಯೋಕೆ ಆಗಲ್ಲಪ್ಪ. ಮರೆತರೆ ಪೈಪೇ ಕೈಗೆ ಬರುತ್ತೆ" ಎಂದರು.

ಹುಡುಗ ಏನೂ ಹೇಳದೆ ಮೀಟರನ್ನು ಹಳೇ ಶೆಡ್ಡಿನ ಕಡೆಗೆ ಒಯ್ದ. ಎರಡನೇ ಕಂಬದ ಹತ್ತಿರ ಅದೂ ಸುಮ್ಮನಾಯಿತು. ಕಪ್ಲರ್ ಬಿಚ್ಚಿದರೆ ಒಳಗೆ ಥ್ರೆಡ್ ಪೂರಾ ಕೆಂಪು ಪುಡಿ. ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದೆವು.

"ಇದು ಹಾಕಿದ ದಿನ ನಾನು ರಜಾ ಇದ್ದೆ" ಎಂದರು.

ಆಮೇಲೆ ಅವರಲ್ಲಿ ಒಂದು ಬದಲಾವಣೆ ಆಯಿತು, ಅವರು ಒಪ್ಪುವುದಿಲ್ಲ. ಥ್ರೆಡ್‌ಲೆಸ್ ಪೈಪನ್ನು ಕೈಯಲ್ಲಿ ಮುಟ್ಟುವುದಿಲ್ಲ ಎಂಬ ಶಪಥ ಹಾಗೇ ಇದೆ. ಕೈಯಲ್ಲಿ ಅಂದರೆ ಕೈಯಲ್ಲೇ, ಸ್ಕ್ರೂಡ್ರೈವರಿನಲ್ಲಿ ಅಲ್ಲ.

ಮೊನ್ನೆ ಒಂದು ಛತ್ರದಲ್ಲಿ ಮದುವೆ ಊಟಕ್ಕೆ ಪಕ್ಕದಲ್ಲೇ ಕೂತಿದ್ದರು. ಎಲೆಗೆ ಉಪ್ಪು, ಕೋಸಂಬರಿ ಬಂದು ಪಲ್ಯ ಬರುವುದರಲ್ಲಿತ್ತು. ಎದುರು ಗೋಡೆಯಲ್ಲಿ ಫ್ಯಾನಿನ ಲೈನಿಗೆ ಅದೇ ಥ್ರೆಡ್‌ಲೆಸ್ ಪೈಪು. ಅವರ ಕಣ್ಣು ಅಲ್ಲೇ ನೆಟ್ಟಿತ್ತು. ತಟ್ಟನೆ ಎದ್ದು, ಬಡಿಸುವವರ ನಡುವೆ ನುಸುಳಿ, ಪಂಚೆಯ ಸೊಂಟದಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, ಕುರ್ಚಿ ಹತ್ತಿ ಒಂದು ಕಪ್ಲರನ್ನು ಕೆಣಕಿದರು. ಬೀಗರ ಕಡೆಯವರು ಯಾರೋ, "ಹಾಗೇ ಎರಡನೇ ಫ್ಯಾನೂ ನೋಡಿಬಿಡಿ, ಶಬ್ದ ಮಾಡ್ತಿದೆ" ಎಂದರು.

ವಾಪಸ್ ಬಂದು ಕೂತು ಎಲೆಯ ಸುತ್ತ ನೀರು ಚಿಮುಕಿಸಿದರು. "ಅರ್ಧ ಸುತ್ತು ಹೋಯ್ತು ನೋಡಿ" ಎಂದರು ನನ್ನ ಕಿವಿಯಲ್ಲಿ, ಪಾಯಸಕ್ಕೆ ದೊನ್ನೆ ಒಡ್ಡುತ್ತ. "ಆ ಕಡೆ ಸಾಲಿನವರು ಏಳಲಿ. ಅಲ್ಲಿ ಇನ್ನೂ ಮೂರಿದೆ."