ಹೊರಗಿನ ಚಿಲಕ

ಚಳ್ಳಕೆರೆಯಲ್ಲಿ ಬಳ್ಳಾರಿ ಕಡೆಯ ಪ್ಯಾಸೆಂಜರ್ ಹತ್ತಿದರೆ ನನಗೆ ಸೀಟು ಬೇಡ, ಬಾಗಿಲು ಬೇಕು. ತಳಕು ದಾಟಿ ಮೊಳಕಾಲ್ಮುರು ಬರುವ ತನಕ ಶೇಂಗಾ ಹೊಲ, ಬಂಡೆಗುಡ್ಡ, ಕುರಿಮಂದೆ ಎಲ್ಲದರ ಹಾಜರಿಯನ್ನೂ ಖುದ್ದಾಗಿ ತೆಗೆದುಕೊಳ್ಳದಿದ್ದರೆ ಪ್ರಯಾಣ ಮೈಗೆ ಹತ್ತುವುದಿಲ್ಲ. ನಮ್ಮ ಕಡೆ ರೈಲಿನ ಬಾಗಿಲು ಮುಚ್ಚಲಿಕ್ಕಿರುವುದಲ್ಲ, ಅದು ಅರಳಿಕಟ್ಟೆ. ಮಳೆ, ಶೇಂಗಾ ರೇಟು, ಬೀಗರ ಬಿಗುಮಾನ ಎಲ್ಲ ಅಲ್ಲೇ ಇತ್ಯರ್ಥ.

ಕಾನೂನು ಒಪ್ಪುವುದಿಲ್ಲ, ಗೊತ್ತು. 1989ರ ರೈಲ್ವೆ ಕಾಯ್ದೆಯ 156ನೇ ಕಲಮಿನ ಪ್ರಕಾರ ಛಾವಣಿ, ಮೆಟ್ಟಿಲು, ಎಂಜಿನ್ ಮೇಲೆ ಪ್ರಯಾಣ ಮಾಡಿದರೆ 3 ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಆ ಕಲಮಿನಲ್ಲೊಂದು ದಯೆಯಿದೆ: ಸಿಬ್ಬಂದಿ ಬೇಡವೆಂದ ಮೇಲೂ ಮುಂದುವರಿಸಿದರೆ ಮಾತ್ರ ಶಿಕ್ಷೆ. ಮೊದಲು ಬೈಗುಳ, ಆಮೇಲೆ ಜೈಲು. ನಮ್ಮಪ್ಪನೂ ಇದೇ ಕ್ರಮ ಪಾಲಿಸುತ್ತಿದ್ದ.

ಒಮ್ಮೆ ಮೊಳಕಾಲ್ಮುರಿನ ಭಾವಮೈದನ ಜೊತೆ ಊಟಿಯ ಪುಟ್ಟ ರೈಲು ಹತ್ತಿದೆ. ಮೇಟುಪಾಳ್ಯಂನಿಂದ 46 ಕಿಲೋಮೀಟರು. 1908ರಲ್ಲಿ ಊಟಿ ತಲುಪಿದ ಹಳಿ, 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಗೌರವಸ್ಥ ಗಾಡಿ. ಅಲ್ಲಿ ಒಂದೊಂದು ಖಾನೆಗೂ ಬೇರೆ ಬಾಗಿಲು. ಕಾಲು ಚಾಚಿ ನಿಲ್ಲಲು ಜಾಗ ಹುಡುಕುತ್ತಿದ್ದಾಗಲೇ ಗಾರ್ಡ್ ಬಂದು ಹೊರಗಿನಿಂದ ಚಿಲಕ ಹಾಕಿ ನಡೆದುಬಿಟ್ಟರು. ಬಾಗಿಲು ಇರುವುದು ಹೊರಗಿನವರಿಂದ ನಮ್ಮನ್ನು ಕಾಯಲಿಕ್ಕೆ ಎಂದುಕೊಂಡಿದ್ದೆ; ಇಲ್ಲಿ ನಮ್ಮಿಂದಲೇ ನಮ್ಮನ್ನು ಕಾಯುತ್ತಿದ್ದರು.

ಭಾವಮೈದ ಕಿಟಕಿಯಿಂದ ಇಣುಕಿ, 'ಏನ್ ಭಾವ, ಕುರಿ ಕೂಡಿದಂಗೆ ರೊಪ್ಪಕ್ಕೆ ಕೂಡಿದ್ರಲ್ಲ!' ಅಂದ. ರೊಪ್ಪದ ಚಿಲಕವೂ ಹೊರಗೇ ಇರುತ್ತದಲ್ಲ.

ಗಾಡಿ ಹೊರಟ ಮೇಲೆ ಗಾರ್ಡಿನ ಮೇಲಿನ ಸಿಟ್ಟು ಇಳಿಯಿತು. ಹನ್ನೆರಡು ಅಡಿ ಮುಂದಕ್ಕೆ ಹೋದರೆ ಒಂದಡಿ ಮೇಲಕ್ಕೆ ಹತ್ತುವಷ್ಟು ಕಡಿದಾದ ದಾರಿ. ನಡುವಿನ ಹಲ್ಲುಹಳಿಗೆ ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಳ್ಳಬೇಕು. ಕೂನೂರಿನ ತನಕ ಎಂಜಿನ್ ಹಿಂದಿನಿಂದ ತಳ್ಳುತ್ತದೆ, ಡಬ್ಬಿಗಳ ಮುಂಗಟ್ಟೆಯಲ್ಲಿ ಬ್ರೇಕಿನವರು ಬಾವುಟ ಹಿಡಿದು ನಿಲ್ಲುತ್ತಾರೆ. ದಾರಿಯಲ್ಲಿ 16 ಸುರಂಗ. ಮೊಣಕೈ ಹೊರಗಿಟ್ಟು ಶೇಂಗಾ ಹೊಲ ನೋಡುವ ನನ್ನಂಥವನನ್ನು ಒಂದು ಸುರಂಗದ ಗೋಡೆ ನಯವಾಗಿ ಕೆರೆದುಬಿಟ್ಟೀತು.

ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯಲು ನಿಂತಾಗ ಚಿಲಕ ತೆಗೆದರು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಇಳಿದ ಪರಿ ನೋಡಿದ್ದರೆ ನಮ್ಮೂರ ಕುರಿಗಾರ ತಲೆ ಎಣಿಸಿಕೊಳ್ಳುತ್ತಿದ್ದ.

ವಂದೇ ಭಾರತ್‌ನಲ್ಲಂತೂ ಗಾರ್ಡಿನ ಕೈಯೂ ಬೇಡ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಬೀಳ್ಕೊಡಲು ಬಂದು ಒಳಗೆ ಹರಟುತ್ತ ನಿಂತ ಅತ್ತೆ, ಮಾವ ಮುಂದಿನ ಸ್ಟೇಷನ್ನಿಗೆ ಬೇಡದ ಸವಾರಿ ಹೋಗಬೇಕಾಗುತ್ತದೆ.

ಊಟಿಯಿಂದ ಬಂದ ವಾರವೇ ಮತ್ತೆ ನಮ್ಮ ಪ್ಯಾಸೆಂಜರ್, ಮತ್ತೆ ಅದೇ ಬಾಗಿಲು. ಈ ಸಲ ಅಂಗುಲದಷ್ಟು ಒಳಗೆ ನಿಂತಿದ್ದೆ. ಅದು ನನ್ನ ಸುಧಾರಣೆ. ತಳಕಿನಲ್ಲಿ ತಲೆಯ ಮೇಲೆ ಕಂಬಳಿ ಗಂಟು ಹೊತ್ತ ಅಜ್ಜಿಯೊಬ್ಬಳು ಕೆಳಗಿನಿಂದ ನನ್ನನ್ನು ದಿಟ್ಟಿಸಿ ಕೇಳಿದಳು:

'ಯಾಕಪ್ಪಾ, ಈ ಬಾಗ್ಲಿಗೆ ನೀನೇ ಚಿಲಕನಾ?'

ಸರಿದು ನಿಂತೆ. ಗಂಟು ಮೊದಲು ಹತ್ತಿತು, ಆಮೇಲೆ ಅಜ್ಜಿ.